ಆವನಿ ಕ್ರಾಸಿನಲ್ಲಿ ನಿಲ್ಲದ ಸೈಕಲ್ಲು

ಮೊನ್ನೆ ನಮ್ಮೂರು ವಕ್ಕಲೇರಿಯ ಟೀ ಅಂಗಡಿಯಲ್ಲಿ ಕೂತಿದ್ದೆ. ಮೈಗೆ ಅಂಟಿಕೊಂಡ ಬಟ್ಟೆ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಬಣ್ಣದ ಕನ್ನಡಕ ಹಾಕಿಕೊಂಡ ಒಬ್ಬ ಸೈಕಲ್ಲಿನವನು ಬಂದು ನಿಂತ. ಅವನ ಸೈಕಲ್ಲಿನ ಟಯರು ನನ್ನ ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ. ಬೆನ್ನ ಮೇಲಿದ್ದ ಜೇಬಿಗೆ ಕೈ ಹಾಕಿ ಒಂದು ಕಾರ್ಡು ತೆಗೆದು, "ಸಾರ್, ಇಲ್ಲೊಂದು ಸೈನ್ ಹಾಕಿಕೊಡ್ತೀರಾ? ಪಕ್ಕದಲ್ಲಿ ಟೈಮೂ ಬರೀರಿ" ಅಂದ. ಏನಪ್ಪಾ ಇದು ಅಂತ ಕೇಳಿದೆ. ಒಂದೇ ಏಟಿಗೆ ಮುನ್ನೂರು ಕಿಲೋಮೀಟರು ತುಳಿಯುತ್ತಾರಂತೆ. ಮೊದಲು ಬಂದವರಿಗೆ ಬಹುಮಾನ ಅಂತ ಏನೂ ಇಲ್ಲವಂತೆ. ಆದರೆ ಗೊತ್ತು ಮಾಡಿದ ಜಾಗದಲ್ಲೆಲ್ಲ ನಿಂತು, ಅಲ್ಲಿರುವ ಯಾರ ಕೈಯಲ್ಲಾದರೂ ಸಹಿ ಹಾಕಿಸಿಕೊಳ್ಳಲೇಬೇಕಂತೆ. ನಿಲ್ಲದೆ ಹೋದರೆ ತುಳಿದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿ ವರ್ಷಗಟ್ಟಲೆ ಸಹಿ ಗೀಚಿದ ಕೈ ನನ್ನದು. ಹಾಕಿಕೊಟ್ಟೆ. ಹುಡುಗ ಥ್ಯಾಂಕ್ಸ್ ಹೇಳಿ ಕೋಲಾರದ ಕಡೆ ಹೋದ. ನಾನು ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನೀವು ನಗಬಹುದು, ನಾನೂ ಒಂದು ಕಾಲಕ್ಕೆ ದೂರದ ಸೈಕಲ್ಲಿನವನೇ. ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಡೇರಿಯವರೆಗೆ ನಡೆದು ಬಂದರೆ ಮೊಣಕಾಲು ಎರಡು ದಿನ ಮುನಿಸಿಕೊಳ್ಳುತ್ತದೆ. ಸೈಕಲ್ ಕಲಿತದ್ದು ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಅರ್ಧರ್ಧ ಪೆಡಲು ತುಳಿದು. ಸೀಟಿನ ಮೇಲೆ ಕೂತು ಕಾಲು ಎಟುಕುವ ಹೊತ್ತಿಗೆ ಮೊಣಕಾಲಿನ ಚರ್ಮ ಎಷ್ಟು ಸಲ ಕಿತ್ತು ಬಂದಿತ್ತೋ ದೇವರಿಗೇ ಗೊತ್ತು. ನನ್ನ ಜೊತೆ ಕಲಿತವನು ಪಕ್ಕದ ಮನೆಯ ಮುನಿರಾಜು. ಅವನು ಬಿದ್ದರೆ ಎದ್ದು ಮೊದಲು ಸೈಕಲ್ಲಿಗೆ ಏನಾಯಿತು ಅಂತ ನೋಡುತ್ತಿದ್ದ. ನಾನು ಬಿದ್ದರೆ ಯಾರಾದರೂ ನೋಡಿಬಿಟ್ಟರಾ ಅಂತ ಸುತ್ತ ನೋಡುತ್ತಿದ್ದೆ. ಇಷ್ಟು ಹೇಳಿದರೆ ನಮ್ಮಿಬ್ಬರ ಬಗ್ಗೆ ಮಿಕ್ಕದ್ದು ಹೇಳುವುದೇ ಬೇಕಿಲ್ಲ, ಆದರೂ ಹೇಳುತ್ತೇನೆ.

ನಮ್ಮ ಸೀಮೆಯ ಆಷಾಢದ ಗಾಳಿ ಕಂಡಿದ್ದೀರಾ? ಪಡುವಣದಿಂದ ಹಗಲೂ ರಾತ್ರಿ ಬೀಸುತ್ತದೆ. ಮಳೆ ತರುತ್ತದೆಯೇ ಅಂದರೆ ಅದೂ ಇಲ್ಲ. ಸ್ಕೂಲಿಗೆ ಹೋಗುವಾಗ ನಮ್ಮ ಬಾಯಿಗೆ ಮಣ್ಣು, ಅಡಿಗೆಮನೆಯಲ್ಲಿ ಅಮ್ಮನ ಕಣ್ಣಿಗೆ ಹೊಗೆ. ಗಾಳಿಪಟದ ಹುಡುಗರನ್ನು ಬಿಟ್ಟರೆ ಆ ಗಾಳಿಯನ್ನು ಬಾ ಅಂದವರನ್ನು ನಾನು ಕಂಡಿಲ್ಲ. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಟ್ಟುಕೊಂಡು ಎದುರುಗಾಳಿಗೆ ನಡೆದು ನೋಡಿ, ನಿಮ್ಮ ಕತ್ತು ನಿಮ್ಮದಲ್ಲ. ಸೈಕಲ್ಲಿನಲ್ಲಿ ಹೋಗುವುದಕ್ಕೆ ಮುನಿರಾಜು ಮತ್ತು ನಾನು ಒಂದು ಏರ್ಪಾಟು ಮಾಡಿಕೊಂಡಿದ್ದೆವು. ಒಬ್ಬ ಮುಂದೆ ಗಾಳಿಗೆ ಎದೆ ಕೊಡುವುದು, ಇನ್ನೊಬ್ಬ ಅವನ ಬೆನ್ನಿನ ಮರೆಗೆ ಬರುವುದು, ಪ್ರತಿ ಮೈಲಿಗಲ್ಲಿಗೂ ಜಾಗ ಬದಲಾಯಿಸುವುದು. ಮುನಿರಾಜು ಮುಂದಿದ್ದಾಗ ಮೈಲಿಗಲ್ಲು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪಾಪ, ಅವನು ಅದನ್ನು ತಮಾಷೆ ಅಂದುಕೊಂಡಿದ್ದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ವೈಶಾಖದಲ್ಲಿ ನನ್ನ ಮದುವೆಯಾಯಿತು. ಹುಡುಗಿ ಆವನಿಯವಳು, ಹೆಸರು ನಾಗರತ್ನ, ಎಲ್ಲರಿಗೂ ರತ್ನ. ಪಿಯುಸಿ ಪಾಸು ಮಾಡಿದ್ದಳು. ನಾನು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಹೆಣ್ಣು ನೋಡಲು ಹೋದಾಗ ನಮ್ಮ ಕಡೆಯವರು ಎರಡನೇ ಸಲದ ವಿಷಯ ಬಾಯಿ ಬಿಡಲಿಲ್ಲ, ಅವರ ಕಡೆಯವರು ಕೇಳಲಿಲ್ಲ. ಮಾವ ಮದುವೆಯಲ್ಲಿ ಒಂದು ಹೊಸ ಸೈಕಲ್ಲು ಕೊಟ್ಟರು. ಡೈನಮೊ, ಕ್ಯಾರಿಯರ್, ಮುಟ್ಟಿದರೆ ಕಚ್ಚಿ ಹಿಡಿಯುವ ಬ್ರೇಕು. ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಾಕಿ ಒರೆಸುತ್ತಿದ್ದೆ. "ಅದಕ್ಕೆ ಹಚ್ಚೋ ಎಣ್ಣೇಲಿ ನನ್ನ ತಲೆಗೆ ಒಂದು ತಿಂಗಳು ಬರ್ತಿತ್ತು ಕಣ್ರೀ" ಅಂತ ರತ್ನ ನಗುತ್ತಿದ್ದಳು. ಆಗ ಅವಳು ನಗುತ್ತಿದ್ದಳು.

ಅವಳಿಗೆ ಟೀಚರಾಗುವ ಆಸೆ. ಮದುವೆಯಾದ ವಾರಕ್ಕೇ, "ನಾನು ಟಿಸಿಎಚ್ ಮಾಡ್ತೀನಿ ರೀ, ಎರಡೇ ವರ್ಷ, ಆಮೇಲೆ ಇಲ್ಲೇ ಎಲ್ಲಾದ್ರೂ ಸ್ಕೂಲು ಸಿಗುತ್ತೆ" ಅಂದಿದ್ದಳು. "ನೋಡೋಣ" ಅಂದಿದ್ದೆ. ನಮ್ಮ ಮನೆಯ ಗಂಡಸರು ಬೇಡ ಅನ್ನುವ ಮಾತನ್ನು ಹಾಗೇ ಹೇಳುವುದು. ಆದರೆ ಅವಳು ಅದನ್ನು ಆಗಲಿ ಅಂತಲೇ ತೆಗೆದುಕೊಂಡಳು.

ಆಷಾಢ ಬಂತು. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಸೂರಿನಡಿ ಇರಬಾರದು, ಹೊಸ ಅಳಿಯ ಅತ್ತೆಯ ಮನೆ ಹೊಸಿಲು ದಾಟಬಾರದು. ರತ್ನ ತವರಿಗೆ ಹೋದಳು. ಬೇರೆಯವರು ಇದನ್ನು ಒಂದಿಷ್ಟು ಸಡಿಲ ಮಾಡಿಕೊಂಡು ಸಂತೆಯಲ್ಲೋ ನೆಂಟರ ಮನೆಯಲ್ಲೋ ಸಿಗುತ್ತಾರೆ. ನನ್ನ ಮಾವನದು ಬಲು ಬಿಗಿ. ಬೀಗರ ಊರಿಗೆ ತಾವೂ ಬರುವುದಿಲ್ಲ, ಮಗಳನ್ನೂ ಕಳಿಸುವುದಿಲ್ಲ. ಆ ತಿಂಗಳು ವಕ್ಕಲೇರಿಗೂ ಆವನಿಗೂ ನಡುವೆ ಅಂಚೆಯವನು ಬಿಟ್ಟು ಬೇರೆ ದಾರಿ ಇರಲಿಲ್ಲ.

ಆಗಲೇ ಮಾಲೂರಿನ ಯುವಕರ ಸಂಘವೊಂದು ಸೈಕಲ್ ರೇಸು ಇಟ್ಟಿತು. ಮದುವೆಗಳಿಲ್ಲದ ತಿಂಗಳು, ಮೈಕ್ ಸೆಟ್ಟು ಅಗ್ಗಕ್ಕೆ ಸಿಗುತ್ತದೆ ಅನ್ನುವುದೊಂದೇ ಅವರ ಲೆಕ್ಕ, ಗಾಳಿಯನ್ನು ಯಾರೂ ಯೋಚಿಸಿರಲಿಲ್ಲ. ಮಾಲೂರಿನಿಂದ ಕೋಲಾರ, ಅಲ್ಲಿಂದ ಮುಳಬಾಗಿಲು, ಶ್ರೀನಿವಾಸಪುರ ಸುತ್ತಿಕೊಂಡು ಮತ್ತೆ ಕೋಲಾರ. ನೂರಿಪ್ಪತ್ತು ಕಿಲೋಮೀಟರು ಅಂದರು, ಅಳೆದವರು ಯಾರೂ ಇರಲಿಲ್ಲ. ಯಾರೂ ನಡುವೆ ಬಸ್ಸಿನ ಮೇಲೆ ಸೈಕಲ್ ಹಾಕದಿರಲಿ ಅಂತ ಪ್ರತಿ ಊರಿನಲ್ಲಿ ಸಂಘದವನೊಬ್ಬ ನಿಂತು ಹ್ಯಾಂಡಲ್ಲಿಗೆ ಬಣ್ಣದ ದಾರ ಕಟ್ಟುವುದು ಅಂತ ಆಯಿತು. ಮುನಿರಾಜುವೂ ನಾನೂ ಹೆಸರು ಕೊಟ್ಟೆವು. ನಾನು ರತ್ನಳಿಗೆ ಕಾರ್ಡು ಬರೆದೆ. ರೇಸು ಆವನಿ ಕ್ರಾಸಿನ ಮೇಲೇ ಹೋಗುತ್ತದೆ, ರಸ್ತೆಯಲ್ಲಿ ನಿಂತು ನೋಡಿದರೆ ಯಾವ ಶಾಸ್ತ್ರಕ್ಕೂ ಅಡ್ಡಿಯಿಲ್ಲ, ಎಲ್ಲರಿಗಿಂತ ಮುಂದೆ ನಾನಿರುತ್ತೇನೆ ನೋಡು ಅಂತ.

ಅವಳ ಉತ್ತರ ರೇಸಿನ ಹಿಂದಿನ ದಿನ ಸಿಕ್ಕಿತು. ಇನ್‌ಲ್ಯಾಂಡ್ ಲೆಟರು. ಎರಡು ಕಡೆ ತಿದ್ದಿ ಬರೆದ ಕೆಲವೇ ಸಾಲು. "ಟಿಸಿಎಚ್ ಅರ್ಜಿ ಈಗ ಸಿಕ್ಕಿದೆ. ಪೋಷಕರ ಸಹಿ ಬೇಕು. ಅಪ್ಪ ಹಾಕುವುದಿಲ್ಲ ಅನ್ನುತ್ತಾರೆ. ಧಾರೆ ಎರೆದು ಕೊಟ್ಟ ಮೇಲೆ ನಾನು ಪೋಷಕ ಹೇಗಾಗ್ತೀನಿ, ಅಳಿಯಂದಿರೇ ಹಾಕಬೇಕು ಅನ್ನುತ್ತಾರೆ. ನಿಮ್ಮ ರೇಸಿನ ದಿನವೇ ಕೊನೇ ದಿನ, ಸಂಜೆ ಐದರೊಳಗೆ ಕೋಲಾರದ ಆಫೀಸಿಗೆ ಕೊಡಬೇಕು. ಅರ್ಜಿ, ಪೆನ್ನು ಹಿಡಿದುಕೊಂಡು ಕ್ರಾಸಿನಲ್ಲಿ ನಿಂತಿರುತ್ತೇನೆ. ಒಂದು ಸಹಿ ಅಷ್ಟೆ. ಬಸ್ಸಿಗೆ ಹೋಗಿ ಅಪ್ಪನೇ ಕೊಟ್ಟು ಬರುತ್ತಾರೆ. ನಿಲ್ಲುವುದು ಮರೆಯಬೇಡಿ."

ಆ ಮನುಷ್ಯನ ನೇಮ ನೋಡಿ. ಮಗಳ ಓದಿಗೆ ಅಡ್ಡ ಬರಲಿಲ್ಲ, ಅರ್ಜಿ ತಂದುಕೊಟ್ಟವರೇ ಅವರು, ಬಸ್ಸಿಗೆ ಹೋಗುವುದಕ್ಕೂ ತಯಾರು. ಹೆಸರು ಗೀಚಲು ಮಾತ್ರ ಆಗದು. ಈಗಲೂ ನೆನೆದರೆ ಮೈ ಉರಿಯುತ್ತದೆ. ಆದರೆ ಮಾವನನ್ನು ಬೈದುಕೊಳ್ಳುವುದು ನನಗೆ ಬಲು ಅನುಕೂಲದ ಕೆಲಸ, ಅದನ್ನು ಬಹಳ ವರ್ಷ ಮಾಡಿದ್ದೇನೆ.

ಬೆಳಿಗ್ಗೆ ಆರಕ್ಕೆ ಮಾಲೂರಿನಲ್ಲಿ ಪೀಪಿ ಊದಿದರು. ಮುನಿರಾಜು ತನ್ನ ಅಪ್ಪನ ಕಾಲದ ಸೈಕಲ್ಲಿನಲ್ಲಿ, ಸೊಂಟಕ್ಕೆ ಹುರಿಹಿಟ್ಟು ಬೆಲ್ಲದ ಗಂಟು ಕಟ್ಟಿಕೊಂಡು, ಮದುವೆಗೆ ಹೊರಟವನ ಹಾಗೆ ನಗುತ್ತಾ ಬಂದಿದ್ದ. "ಲೇ, ಮುಳಬಾಗಿಲವರೆಗೂ ಗಾಳಿ ಬೆನ್ನಿಗಿದೆ, ಯಾರು ಬೇಕಾದ್ರೂ ಹೋಗ್ತಾರೆ. ಅಲ್ಲಿಂದಾಚೆ ಮುಖಕ್ಕೆ ಬರುತ್ತೆ. ಆವಾಗ ಜೊತೇಲಿರೋಣ ಕಣೋ" ಅಂದ. ಆಗಲಿ ಅಂದೆ. ಹೊರಟ ಮೇಲೆ ಬೆನ್ನಿಗೆ ಆ ಗಾಳಿ ಸಿಕ್ಕಿತು ನೋಡಿ, ನಾನು ನಾನಾಗಿ ಉಳಿಯಲಿಲ್ಲ. ವಕ್ಕಲೇರಿಯಲ್ಲಿ ನಮ್ಮೂರವರು ಶಿಳ್ಳೆ ಹಾಕಿದರು. ಕೋಲಾರದಲ್ಲಿ ಕೆಂಪು ದಾರ ಕಟ್ಟಿಸಿಕೊಳ್ಳುವಾಗ ನನ್ನ ಮುಂದೆ ಇದ್ದವರು ಇಬ್ಬರೇ. ಮುನಿರಾಜು ಹಿಂದೆ ಎಲ್ಲೋ ಇದ್ದ. ಜೊತೆಯಲ್ಲಿರುವ ಮಾತು ಕೋಲಾರ ದಾಟುವ ಮೊದಲೇ ಮುಗಿದಿತ್ತು.

ಆವನಿ ಕ್ರಾಸಿಗೆ ಮೊದಲು ಒಂದು ಸಣ್ಣ ಇಳಿಜಾರು. ಅದರ ತಲೆಯ ಮೇಲಿಂದಲೇ ರತ್ನ ಕಂಡಳು. ಹಸಿರು ಸೀರೆ, ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮಡಿಸಿದ ಕಾಗದ ಎತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಕಲ್ಲಿನ ಮೇಲೆ ಒಂದು ಚೊಂಬು, ಮಜ್ಜಿಗೆ ಇರಬೇಕು. ಕ್ರಾಸಿನಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ನನ್ನನ್ನು ನೋಡಿ ಯಾರೋ, "ಮನ ಅಲ್ಲುಡು! ಮನ ಅಲ್ಲುಡು ವಸ್ತುನ್ನಾಡು!" ಅಂತ ಕೂಗಿದರು, ನಮ್ಮ ಅಳಿಯ ಬರ್ತಿದ್ದಾನೆ ಅಂತ. ಚಪ್ಪಾಳೆ ಬಿತ್ತು. ರತ್ನಳ ಮುಖ ಅರಳಿತು.

ನಾನು ನಿಲ್ಲಲಿಲ್ಲ.

"ಸಂಜೆ ಬರ್ತೀನಿ!" ಅಂತ ಕೂಗಿದೆ. ಅವಳು ಹತ್ತು ಹೆಜ್ಜೆ ಜೊತೆಗೇ ಓಡಿದಳು. ಹೊಸ ಮದುಮಗಳು, ಊರ ಜನದ ಮುಂದೆ, ರಸ್ತೆಯಲ್ಲಿ ಓಡಿದಳು. "ರೀ, ನಿಲ್ರೀ, ಇವತ್ತೇ ಕೊನೆ ರೀ" ಅಂದದ್ದು ಕಿವಿಗೆ ಬಿತ್ತು. ಕೇಳಿಸಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ತಿರುಗಿ ನೋಡಲಿಲ್ಲ. ಮುಂದಿನ ಇಬ್ಬರ ಬೆನ್ನು ಕಾಣುತ್ತಿತ್ತು, ಅದನ್ನೇ ನೋಡುತ್ತಾ ತುಳಿದೆ. ಹೇಗಾದರೂ ಮಾಡಿ ಮಾವನೇ ಹಾಕಿಯಾರು, ಆಫೀಸಿನವರು ಒಂದು ದಿನ ತಡವಾದರೆ ತಗೊಂಡಾರು ಅಂತ ಮುಳಬಾಗಿಲು ಬರುವವರೆಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಳಬಾಗಿಲಲ್ಲಿ ಹಸಿರು ದಾರ. ದೋಸೆಯ ತುಪ್ಪದ ವಾಸನೆ ಬೀದಿಯುದ್ದಕ್ಕೂ ಇತ್ತು. ಹೆಂಡತಿಗೇ ನಿಲ್ಲದವನು ದೋಸೆಗೆ ನಿಂತೇನೇ? ಊರು ದಾಟಿ ಶ್ರೀನಿವಾಸಪುರದ ಕಡೆ ತಿರುಗಿದ್ದೇ ತಡ, ಅಷ್ಟು ಹೊತ್ತು ಬೆನ್ನು ತಟ್ಟಿದ ಗಾಳಿ ಕೆನ್ನೆಗೆ ಹೊಡೆಯಿತು. ಪೆಡಲು ಕೆಸರಿನಲ್ಲಿ ಹೂತ ಹಾಗೆ ಭಾರ. ಮುಂದಿನವರಿಬ್ಬರೂ ಒಬ್ಬರ ಮರೆಯಲ್ಲಿ ಒಬ್ಬರು ಹೋಗುತ್ತಿದ್ದರು. ಮೂರನೆಯವನಾಗಿ ಸೇರಿಕೊಳ್ಳಲು ಹೋದೆ, ಮುಂದೆ ಬಾ ಅಂದಾಗ ಬರದವನನ್ನು ಯಾರು ಸೇರಿಸುತ್ತಾರೆ, ಬಿಟ್ಟು ಹೋದರು. ಒಬ್ಬನೇ ಆದೆ. ಒಂದು ತಿರುವಿನಲ್ಲಿ ಹಿಂದೆ ನೋಡಿದರೆ ದೂರದಲ್ಲಿ ಒಬ್ಬ ಬರುತ್ತಿದ್ದ. ತಲೆಯ ಮೇಲೆ ಟವಲು ಎತ್ತಿ ಬೀಸುತ್ತಿದ್ದ. ಮುನಿರಾಜು.

ಆಗ ನನ್ನ ತಲೆಗೆ ಬಂದದ್ದು ಒಂದೇ: ಇವನು ನನ್ನ ಜಾಗ ಕಿತ್ತುಕೊಳ್ಳಲು ಬರುತ್ತಿದ್ದಾನೆ. ಸೀಟಿನಿಂದ ಎದ್ದು ತುಳಿದೆ.

ಆದದ್ದು ಏನೆಂದರೆ, ಕ್ರಾಸಿನಲ್ಲಿ ರತ್ನ ಮುನಿರಾಜುವಿಗೆ ಕೈ ಅಡ್ಡ ಹಿಡಿದಿದ್ದಳು. ಅವನು ನಿಂತು ವಿಷಯ ಕೇಳಿದ್ದ. "ಅಷ್ಟೇನಾ ರತ್ನಮ್ಮ? ಕೊಡಿ ಇಲ್ಲಿ. ಅವನನ್ನ ಹಿಡಿದು ಹಾಕಿಸ್ತೀನಿ. ಹೆಂಗಿದ್ರೂ ಕೋಲಾರಕ್ಕೇ ಅಲ್ವಾ ಹೋಗೋದು, ನಾನೇ ಆಫೀಸಿಗೆ ಕೊಟ್ಬಿಡ್ತೀನಿ" ಅಂದು, ಅರ್ಜಿಯನ್ನು ಬನಿಯನ್ನಿನೊಳಗೆ ಇಟ್ಟು, ಹಾರಿ ಹೋಗದ ಹಾಗೆ ಮೇಲಿಂದ ಸೊಂಟದ ಪಂಚೆ ಬಿಗಿದು, ಪೆನ್ನು ಜೇಬಿಗೆ ಸಿಕ್ಕಿಸಿ ಹೊರಟಿದ್ದ. ಆಮೇಲಿಂದ ಅವನು ರೇಸಿನಲ್ಲಿರಲಿಲ್ಲ. ನನ್ನನ್ನು ಹಿಡಿಯಲು ತುಳಿಯುತ್ತಿದ್ದ. ನಾನು ಅವನಿಂದ ತಪ್ಪಿಸಿಕೊಳ್ಳಲು ತುಳಿಯುತ್ತಿದ್ದೆ.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಗಾಳಿ ಕೊನೆಯ ಕಾಯಿಗಳನ್ನೂ ಉದುರಿಸಿತ್ತು. ರಸ್ತೆಯ ಮೇಲೆ ಕೊಳೆತ ಹಣ್ಣು, ಅದರ ಮೇಲೆ ಜಾರಿ ಒಂದು ಸಲ ಬಿದ್ದೆ, ಎದ್ದು ಸುತ್ತ ನೋಡಿದೆ, ಹಳದಿ ದಾರ ಕಟ್ಟಿಸಿಕೊಂಡು ಕೋಲಾರದ ದಾರಿ ಹಿಡಿದೆ. ಅಲ್ಲಿಂದ ದಿಣ್ಣೆಯ ಮೇಲೆ ದಿಣ್ಣೆ, ಬಂಡೆಗುಡ್ಡಗಳ ನಡುವೆ ತೂರಿ ಬರುವ ಗಾಳಿ ಎದುರಿಗೆ. ಇಳಿಜಾರಿನಲ್ಲೂ ಪೆಡಲು ತುಳಿದರೇನೇ ಸೈಕಲ್ಲು ಮುಂದೆ ಹೋಗುವುದು. ಒಂದು ಉದ್ದನೆಯ ಏರಿನಲ್ಲಿ ಮತ್ತೆ ತಿರುಗಿದೆ. ಮುನಿರಾಜು ಒಂದು ಫರ್ಲಾಂಗೂ ಇಲ್ಲ. ಬಾಯಿ ತೆರೆದಿದ್ದ. ಕೂಗುತ್ತಿದ್ದನಂತೆ. ಗಾಳಿ ಅವನ ಕೂಗನ್ನು ಶ್ರೀನಿವಾಸಪುರಕ್ಕೇ ಹೊತ್ತುಕೊಂಡು ಹೋಗುತ್ತಿತ್ತು. ನನಗೆ ಕಂಡದ್ದು ಬರೀ ತೆರೆದ ಬಾಯಿ. ಏದುಸಿರು, ಇವನ ಕಥೆ ಮುಗಿಯಿತು ಅಂದುಕೊಂಡೆ. ಸಂತೋಷಪಟ್ಟೆ. ಹೌದು, ಚಿಕ್ಕಂದಿನಿಂದ ಗಾಳಿಗೆ ಮರೆಯಾಗಿ ನಿಂತ ಬೆನ್ನಿನವನು ಸೋತನೆಂದು ಸಂತೋಷಪಟ್ಟೆ. ಇದ್ದಬದ್ದ ಉಸಿರೆಲ್ಲ ಹಾಕಿ ಆ ಏರು ಹತ್ತಿದೆ. ಅದೇ ಏರಿನಲ್ಲಿ ಅವನ ಮೀನಖಂಡ ಹಿಡಿದುಕೊಂಡಿತು. ಅಲ್ಲಿಂದ ಅವನು ಸೈಕಲ್ ತಳ್ಳಿಕೊಂಡು, ಕುಂಟಿಕೊಂಡು, ಆಗಾಗ ಹತ್ತಿ ತುಳಿದು ಬಂದ.

ಕೋಲಾರ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಮೂರನೇ ಬಹುಮಾನ. ವೇದಿಕೆಯ ಕೆಳಗೆ ಎದೆ ಸೆಟೆಸಿ ನಿಂತಿದ್ದೆ. ಆಫೀಸು ಅಲ್ಲಿಂದ ಹತ್ತು ನಿಮಿಷದ ದಾರಿ, ಕೈಯಲ್ಲಿ ಅರ್ಜಿಯಿಲ್ಲದೆ ಹೋಗಿ ಏನು ಮಾಡಲಿ ಅಂತ ನನ್ನ ಮನಸ್ಸು ಜಾಣತನದ ಮಾತಾಡಿತು. ಭಾಷಣಗಳಾದವು. ಐದೂವರೆಗೆ ನನ್ನ ಹೆಸರು ಕರೆದು ಒಂದು ಅಲಾರಂ ಗಡಿಯಾರ ಕೊಟ್ಟರು. ಅದನ್ನು ಹಿಡಿದು ಮೆಟ್ಟಿಲು ಇಳಿಯುವಾಗ ಮುನಿರಾಜು ಜನರನ್ನು ಸರಿಸಿಕೊಂಡು ಬಂದ. ಕಣ್ಣು ಕೆಂಪಗೆ, ತುಟಿ ಒಡೆದಿತ್ತು. ಬನಿಯನ್ನಿನೊಳಗಿಂದ ಅರ್ಜಿ ತೆಗೆದ. ಬೆವರಿಗೆ ನೆನೆದು ಅವಳ ಅಕ್ಷರಗಳೆಲ್ಲ ನೀಲಿ ಕಲೆಯಾಗಿದ್ದವು.

"ನಿಲ್ಲೋ ನಿಲ್ಲೋ ಅಂತ ಬಾಯಿ ಹರ್ಕೊಂಡೆ ಕಣೋ" ಅಂದ. "ಯಾಕೋ ಹಂಗೆ ಓಡ್ದೆ?"

ಇಬ್ಬರೂ ಆಫೀಸಿಗೆ ಹೋದೆವು. ಬೀಗ ಬಿದ್ದಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ನಾನು, "ನೀನೇ ನನ್ನ ಹೆಸರಲ್ಲಿ ಒಂದು ಸಹಿ ಗೀಚಿ, ಬಸ್ಸಿಗೆ ಬಂದು ಕೊಟ್ಟಿದ್ರೆ ಆಗ್ತಿರ್ಲಿಲ್ವೇನ್ಲಾ?" ಅಂತ ಕೇಳಿದೆ. ಅಂಥ ಹೊತ್ತಿನಲ್ಲೂ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುವ ಬುದ್ಧಿ. ಅವನು ನಿಜಕ್ಕೂ ಗಾಬರಿಯಾದ.

"ಥೂ, ಏನು ಮಾತು ಅಂತ ಆಡ್ತೀಯೋ? ಪೋಷಕರು ಅನ್ನೋ ಕಡೆ ಗಂಡ ಅಂತ ಬರೆದವ್ರೆ, ಅಲ್ಲಿ ನಾನು ಹೆಂಗೋ ಸಹಿ ಹಾಕ್ಲಿ? ಆಯಮ್ಮನ್ನ ತಂಗಿ ಅಂತ ಕರೀತೀನಿ."

ಮಾರನೆಯ ದಿನ ಆವನಿಗೆ ಹೋದೆ. ಹೊಸಿಲು ದಾಟುವ ಹಾಗಿಲ್ಲವಲ್ಲ, ಬೀದಿಯಲ್ಲೇ ನಿಂತೆ. ಅತ್ತೆ ಬಾಗಿಲ ಹಿಂದೆ ಸರಿದುಕೊಂಡರು, ಬಳೆಯ ಸದ್ದಷ್ಟೇ ಕೇಳಿಸಿತು. ಮಾವ ಜಗಲಿಯಲ್ಲಿ ಕೂತು, "ಬನ್ನಿ ಅನ್ನೋ ಹಾಗಿಲ್ಲ ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ" ಅಂದರು. ಅರ್ಜಿಯ ಮಾತು ಅವರೂ ಎತ್ತಲಿಲ್ಲ. ರತ್ನ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ಅತ್ತು ಊದಿದ ಮುಖ. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನನ್ನ ಬದುಕು ಎಷ್ಟೋ ಹಗುರಾಗುತ್ತಿತ್ತು.

"ಎಷ್ಟನೇ ಬಹುಮಾನ ಬಂತು?" ಅಂದಳು.

"ಮೂರನೇದು."

"ಹೂಂ" ಅಂದು ಒಳಗೆ ಹೋದಳು.

ಮುಂದಿನ ವರ್ಷ ಅರ್ಜಿ ಹಾಕಿದರಾಯಿತು ಅಂತ ಎಲ್ಲರೂ ಅಂದೆವು. ಮುಂದಿನ ವರ್ಷ ಅವಳು ಬಸುರಿ. ಅದರ ಮುಂದಿನ ವರ್ಷ ನನ್ನ ಅಪ್ಪ ಹಾಸಿಗೆ ಹಿಡಿದರು. ಆಮೇಲೆ ಎರಡನೇ ಮಗು. ಎಂಬತ್ತರ ದಶಕ ಹಾಗೇ ಕಳೆಯಿತು. ಅವಳ ಜೊತೆ ಪಿಯುಸಿ ಓದಿದ ವೇಮಗಲ್ಲಿನ ಗೆಳತಿ ಟೀಚರಾಗಿ ನಮ್ಮೂರ ಸ್ಕೂಲಿಗೇ ಬಂದಳು. ರತ್ನ ದಿನಾ ಡೇರಿಗೆ ಹಾಲು ಹಾಕಿ ಬರುವಾಗ ಸ್ಕೂಲಿನ ಮುಂದೆ ಹಾದು ಬರಬೇಕು. ಒಂದು ದಿನವೂ ಅಲ್ಲಿ ನಿಂತವಳಲ್ಲ. ನನ್ನ ಮೇಲೆ ಕೂಗಾಡಿದವಳೂ ಅಲ್ಲ. ಅನ್ನ ಹಾಕಿದಳು, ಮಕ್ಕಳನ್ನು ಓದಿಸಿದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದಳು. ನನ್ನನ್ನು ಕಾದು ಎಲ್ಲಿಯೂ ನಿಲ್ಲುವುದನ್ನು ಮಾತ್ರ ಬಿಟ್ಟುಬಿಟ್ಟಳು. ಮದುವೆ ಮುಂಜಿಗೆ ಹೊರಟರೆ ನಾನು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಬಸ್ಸು ಹತ್ತಿರುತ್ತಿದ್ದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ದಿನ ಕಾಗದ ಹಿಡಿದ ಕೈ ಕಂಡಾಗ ನನ್ನ ಬೆರಳು ಬ್ರೇಕಿನ ಮೇಲೇ ಇತ್ತು. ಒತ್ತುವ ಮುಂಚೆ ಒಂದು ಯೋಚನೆ ಬಂತು. ಇವಳು ಟೀಚರಾದರೆ ಊರವರೆಲ್ಲ ಇವಳನ್ನು ಮೇಡಂ ಅನ್ನುತ್ತಾರೆ, ನನ್ನನ್ನು ಮೇಡಂ ಅವರ ಗಂಡ ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ, ಎರಡನೇ ಸಲ. ಆ ಯೋಚನೆ ಮುಗಿಯುವಷ್ಟರಲ್ಲಿ ಕ್ರಾಸು ದಾಟಿತ್ತು, ಬೆರಳು ಸಡಿಲವಾಗಿತ್ತು. ನಾಚಿಕೆಯಾಗುತ್ತದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಕೇಳಿದವರಿಗೆಲ್ಲ ಗಾಳಿಯ ಕಥೆ ಹೇಳಿಕೊಂಡು ಬಂದಿದ್ದೇನೆ.

ರತ್ನಳಿಗೂ ಅದನ್ನೇ ಹೇಳಿದೆ, ಒಂದೇ ಒಂದು ಸಲ. ಮಕ್ಕಳು ದೊಡ್ಡವರಾದ ಮೇಲೆ, ಒಂದು ಆಷಾಢದ ಮಧ್ಯಾಹ್ನ. ಅವಳು ನಡುಮನೆಯಲ್ಲಿ ಕೂತು ರಾಗಿ ಕೇರುತ್ತಿದ್ದಳು. ಹೊರಗೆ ಅದೇ ಗಾಳಿ, ಬಾಗಿಲು ಬಡಿದುಕೊಳ್ಳುತ್ತಿತ್ತು. ಯಾಕೋ ಧೈರ್ಯ ಬಂತು. "ಆವತ್ತು ಗಾಳಿ ಹಿಂದಿಂದ ತಳ್ತಾ ಇತ್ತು ಕಣೇ. ಇಳಿಜಾರು ಬೇರೆ. ನಿಲ್ಲಿಸೋಣ ಅಂದ್ರೂ ಸೈಕಲ್ಲು ನಿಲ್ಲೋ ಹಾಗಿರಲಿಲ್ಲ" ಅಂದೆ.

ಅವಳು ಮೊರ ಕೆಳಗಿಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಮುನಿರಾಜಣ್ಣನ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ" ಅಂದಳು. "ಎರಡು ಕಾಲೂ ನೆಲಕ್ಕೆ ಉಜ್ಜಿ ಉಜ್ಜಿ, ಚಪ್ಪಲಿ ಕಿತ್ತು ಹೋಯ್ತು. ನಿಂತ್ರು."